ಎಲ್ಲಿಗೆ ಎಂದು ಕೇಳದ ಮನೆ

ನಮ್ಮ ಮನೆಗೆ ಬೈಕಿನವರು ಬರಲು ಶುರುವಾಗಿದ್ದು ಒಂದು ಸುಟ್ಟ ಕ್ಲಚ್ ಪ್ಲೇಟಿನಿಂದ. ಹೊಳಲ್ಕೆರೆಯ ಚಿತ್ರದುರ್ಗ ರಸ್ತೆಯಲ್ಲಿ ನಮ್ಮ ಯಜಮಾನರ ಗ್ಯಾರೇಜು, ಅದರ ಹಿಂದೆಯೇ ಮನೆ. ಹೈದರಾಬಾದಿನಿಂದ ಜೋಗಕ್ಕೆ ಹೊರಟಿದ್ದ ಇಬ್ಬರು ಒಂದು ಸಂಜೆ ಗಾಡಿ ತಳ್ಳಿಕೊಂಡು ಬಂದರು. ಸಾಮಾನು ಮರುದಿನ ದಾವಣಗೆರೆಯಿಂದ ಬರಬೇಕಿತ್ತು. ಲಾಡ್ಜು ಹುಡುಕುತ್ತೇವೆ ಎಂದವರನ್ನು ಯಜಮಾನರು ನನ್ನನ್ನು ಒಂದು ಮಾತೂ ಕೇಳದೆ ಮನೆಗೆ ಕರೆತಂದರು. ಅವರು ಮುದ್ದೆ ಉಂಡರು, ಮಹಡಿಯ ಕೋಣೆಯಲ್ಲಿ ಮಲಗಿದರು, ಹೋಗುವಾಗ ನಮ್ಮ ಫೋನ್ ನಂಬರನ್ನು ತಮ್ಮ ಬೈಕಿನವರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಅಲ್ಲಿಗೆ ನನ್ನ ಭಾನುವಾರಗಳ ಕಥೆ ಮುಗಿಯಿತು.

ಆಮೇಲೆ ತಿಂಗಳಿಗೆ ಮೂರೋ ನಾಲ್ಕೋ ಜನ. ಬಾಡಿಗೆ ತೆಗೆದುಕೊಳ್ಳುವುದಿಲ್ಲ ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ಅದು ಅವರ ದೊಡ್ಡಸ್ತಿಕೆ, ಅಡುಗೆ ನನ್ನದು. ನಾನು ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡುವವಳಾದ್ದರಿಂದ ದುಭಾಷಿಯ ಕೆಲಸವೂ ನನ್ನದೇ. ಬಂದವರ ವೇಷ ನೋಡಿ ನಮ್ಮ ಬೀದಿಯ ನಾಯಿಗಳು ಮೊದಮೊದಲು ಓಣಿಯನ್ನೇ ಬಿಟ್ಟು ಹೋಗಿದ್ದವು. ಮೊಣಕಾಲಿಗೆ ಕವಚ, ಎದೆಗೆ ಕವಚ, ಹೆಲ್ಮೆಟ್ಟಿನ ನೆತ್ತಿಗೆ ಕ್ಯಾಮೆರಾ. ಎಲ್ಲ ಕಳಚಿಟ್ಟ ಮೇಲೆ ಒಳಗಿಂದ ಹೊರಬರುತ್ತಿದ್ದವನು ಬಿಸಿನೀರು ಸಿಕ್ಕರೆ ಸಾಕು ಎನ್ನುವ ಒಬ್ಬ ಸಣಕಲ ಮನುಷ್ಯ. ಕೆಲವರು ಒಳ್ಳೆಯವರು, ಕೆಲವರು ಬಾಯಿಬಡುಕರು. ಹಿಮಾಲಯ ಹತ್ತಿ ಇಳಿದ ಕಥೆಯನ್ನು ನನ್ನ ಒಲೆಯ ಮುಂದೆ ನಿಂತು ಹೇಳುವವರು. ನಾನು ಹೂಂಗುಟ್ಟುತ್ತಾ ರೊಟ್ಟಿ ಬಡಿಯುತ್ತಿದ್ದೆ.

ಇವರೆಲ್ಲರನ್ನೂ ಮನಸಾರೆ ಒಪ್ಪಿಕೊಂಡಿದ್ದು ನಮ್ಮ ಅತ್ತೆ. ಅತ್ತೆಯವರದು ಕುರಿ ಸಾಕುವ ಮನೆತನ. ಮಾವ ಬದುಕಿದ್ದಷ್ಟು ಕಾಲ ವರ್ಷದಲ್ಲಿ ಆರು ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುತ್ತಿದ್ದವರು. ಹೆಗಲಿಗೆ ಕಂಬಳಿ, ಕೈಯಲ್ಲಿ ಬುತ್ತಿ, ಎಲ್ಲಿ ಮೇವು ಕಂಡರೆ ಅಲ್ಲಿ ಬಿಡಾರ. ಬೈಕಿನವರೂ ಅತ್ತೆಯ ಲೆಕ್ಕದಲ್ಲಿ ಅದೇ ಜಾತಿ, ಕುರಿ ಇಲ್ಲ ಅಷ್ಟೇ. ಹೊರಡುವ ಪ್ರತಿಯೊಬ್ಬರಿಗೂ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದರು. ಯಾರನ್ನೂ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ನಂಬಿಕೆಯೇ. ಬೇರೆಯವರು ಅದನ್ನು ಹೊಸ್ತಿಲು ದಾಟುವ ಹೊತ್ತಿಗಷ್ಟೇ ಪಾಲಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಬುತ್ತಿಯ ಮಾತು ಬಂದ ಗಳಿಗೆಯಿಂದಲೇ ಜಾರಿಗೆ ಬರುತ್ತದೆ. ತೀರಾ ಕೇಳಲೇಬೇಕೆಂದರೆ "ದೂರಾನಾ?" ಎನ್ನಬಹುದು. ಅವರಾಗಿಯೇ ಹೇಳಿದರೆ ಸರಿ, ಹೇಳದಿದ್ದರೆ ಬಿಟ್ಟುಬಿಡಬೇಕು. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ನಂಬದೆಯೇ ಇಪ್ಪತ್ತಾರು ವರ್ಷ ಪಾಲಿಸಿದ್ದೇನೆ. ಯಜಮಾನರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಬೆಳಿಗ್ಗೆ ಚಕ್ರಕ್ಕೆ ಗಾಳಿ ತುಂಬುವಾಗ "ಘಾಟಿ ರಸ್ತೆನಾ, ಮಣ್ಣಿನ ರಸ್ತೆನಾ?" ಎಂದು ಕೇಳಿ ದಾರಿ ತಿಳಿದುಕೊಳ್ಳುತ್ತಿದ್ದರು. ಗಾಳಿ ತುಂಬುವವನು ಕೇಳಿದರೆ ಅತ್ತೆಯ ತಕರಾರಿಲ್ಲ.

ದೀಪಾವಳಿ ಕಳೆದ ಮೇಲೆ ನಾಗಪುರದಿಂದ ಒಬ್ಬರೇ ಬಂದರು. ಅರವತ್ತು ದಾಟಿರಬಹುದು. ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಬೆನ್ನು ನೋವೆಂದು ಒಂದು ದಿನದ ಬದಲು ಎರಡು ದಿನ ಉಳಿದರು. ಮಾತು ಕಡಿಮೆ. ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟ ಮೊದಲ ಅತಿಥಿ ಅವರು. ಬೆಳಿಗ್ಗೆ ಎದ್ದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಸರಿಹೊಂದಿಸಿ ಇಟ್ಟಿದ್ದನ್ನು ನೋಡಿ ಅತ್ತೆ, "ಇವ್ರು ಮನುಷ್ಯರು ನೋಡವ್ವ" ಎಂದರು. ನನ್ನ ಶಾಲೆಯ ಮಕ್ಕಳ ಹಿಂದಿ ನೋಟ್‌ಬುಕ್ಕುಗಳನ್ನು ತಿರುವಿ, ತಪ್ಪುಗಳನ್ನು ನೋಡಿ ಅವರು ನಕ್ಕರು. ನನಗೂ ನಗು ಬಂತು. ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ತಪ್ಪದೆ ಪುಣೆಯಲ್ಲಿರುವ ಮಗಳಿಗೆ ಮೆಸೇಜು ಕಳಿಸುತ್ತಿದ್ದರು. ನಮ್ಮ ನಂಬರನ್ನೂ ಮಗಳಿಗೆ ಕೊಟ್ಟಿದ್ದರು.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಹೊರಟರು. ಆ ದಿನ ಯಜಮಾನರು ಸಾಮಾನು ತರಲೆಂದು ಮೊದಲ ಬಸ್ಸಿಗೇ ದಾವಣಗೆರೆಗೆ ಹೋಗಿದ್ದರು, ಹಾಗಾಗಿ ಗಾಳಿ ತುಂಬುವ ಮಾತೇ ಬರಲಿಲ್ಲ. ಹಿಂದಿನ ಸಂಜೆ ನಾನು ಕೇಳಬಹುದಿತ್ತು. ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ಅವರು ಬೇಗ ಮಲಗಿದರು. ನೆಪ ಹೇಳುತ್ತಿದ್ದೇನೆ, ನನಗೆ ಗೊತ್ತು. ಗೇಟಿನ ಹತ್ತಿರ ಅವರು ಬುತ್ತಿ ಇಟ್ಟುಕೊಂಡು ಕೈಗವಸು ಏರಿಸುವಾಗ ಕೇಳಲೆಂದು ಬಾಯಿ ತೆರೆದೆ. ಹಿಂದಿನಿಂದ ಅತ್ತೆ ಕೆಮ್ಮಿದರು. ಆ ಕೆಮ್ಮಿನ ಪರಿಚಯ ನನಗಿದೆ. "ದೂರವೇ?" ಎಂದು ಹಿಂದಿಯಲ್ಲಿ ಕೇಳಿದೆ. "ಇವತ್ತು ಹೆಚ್ಚು ದೂರ ಇಲ್ಲ" ಎಂದರು. ಗಾಡಿ ಸರ್ಕಲ್ಲಿನ ಕಡೆ ಹೋಯಿತು. ಅಲ್ಲಿಂದ ನಾಲ್ಕು ಕಡೆಗೂ ರಸ್ತೆ. ನನಗೆ ಶಾಲೆಗೆ ತಡವಾಗುತ್ತಿತ್ತು, ಒಳಗೆ ಬಂದೆ.

ಮಗಳ ಫೋನು ಬಂದಿದ್ದು ಮಧ್ಯಾಹ್ನ ಮೂರೂವರೆಗೆ, ಸ್ಟಾಫ್ ರೂಮಿನಲ್ಲಿದ್ದಾಗ. ಅಪ್ಪನ ಮಧ್ಯಾಹ್ನದ ಮೆಸೇಜು ಬಂದಿಲ್ಲ, ಫೋನು ಹತ್ತುತ್ತಿಲ್ಲ, ಯಾವ ಕಡೆ ಹೋದರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

"ಎರಡು ದಿನ ನಿಮ್ಮ ಮನೇಲಿದ್ರು. ಎಲ್ಲಿಗೆ ಹೋಗ್ತೀರಿ ಅಂತ ಕೇಳ್ಲಿಲ್ವಾ?"

ನಮ್ಮಲ್ಲಿ ಹಾಗೆ ಕೇಳುವುದಿಲ್ಲ ಎಂದು ವಿವರಿಸಲು ಹೊರಟೆ. ನನ್ನ ಹಿಂದಿಯ ವ್ಯಾಕರಣದಲ್ಲಿ ತಪ್ಪಿರುವುದಿಲ್ಲ, ಆದರೆ ಆ ವಾಕ್ಯ ಅರ್ಧಕ್ಕೆ ನಿಂತಿತು. ಅಪ್ಪ ಕಾಣೆಯಾದವಳ ಮುಂದೆ ಹೇಳುವ ಮಾತಲ್ಲ ಅದು. ಅವಳು, "ಸರಿ ಆಂಟಿ, ಏನಾದ್ರೂ ಗೊತ್ತಾದ್ರೆ ಹೇಳಿ" ಎಂದಳು. ರೇಗಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಮನೆಗೆ ಬರುವಷ್ಟರಲ್ಲಿ ಆ ನಾಚಿಕೆ ಅತ್ತೆಯ ಮೇಲಿನ ಸಿಟ್ಟಾಗಿತ್ತು.

"ನೀವು ಕೆಮ್ಮದಿದ್ರೆ ನಾನು ಕೇಳಿರ್ತಿದ್ದೆ" ಎಂದೆ.

"ನನ್ ಗಂಡ ಮೂವತ್ತೊರ್ಸ ಹಿಂಗೇ ಹೋಗಿ ಹಿಂಗೇ ಬಂದಾನೆ. ಯಾರೂ ಕೇಳ್ಲಿಲ್ಲ, ಏನೂ ಆಗ್ಲಿಲ್ಲ" ಎಂದರು ಅತ್ತೆ. ಆದರೆ ಅವರ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಯಜಮಾನರು ದಾವಣಗೆರೆಯಿಂದ ಬಂದವರೇ ಠಾಣೆಗೆ ಹೋಗಿ ಹೇಳಿದರು. ಅಲ್ಲಿ ಗಾಡಿಯ ನಂಬರು ಬರೆದುಕೊಂಡು ಸುತ್ತಲಿನ ಠಾಣೆಗಳಿಗೆ ತಿಳಿಸಿದರು. ಆಮೇಲೆ ಯಜಮಾನರೂ ಪಕ್ಕದ ವೆಲ್ಡಿಂಗ್ ಅಂಗಡಿಯವರೂ ರಸ್ತೆ ಹಂಚಿಕೊಂಡರು. ಬೈಕಿನವರು ಬಹುಪಾಲು ಹೋಗುವುದು ಶಿವಮೊಗ್ಗದ ಕಡೆ, ಹಾಗಾಗಿ ಯಜಮಾನರು ಅತ್ತ. ವೆಲ್ಡಿಂಗಿನವರು ಚಿಕ್ಕಜಾಜೂರಿನ ಕಡೆ. ಪೆಟ್ರೋಲ್ ಬಂಕು, ಚಹಾದಂಗಡಿ, ಪಂಕ್ಚರ್ ಅಂಗಡಿ ಒಂದನ್ನೂ ಬಿಡದೆ ಕೇಳಿಕೊಂಡು ಹೋಗಿ ಕತ್ತಲಾದ ಮೇಲೆ ಬರಿಗೈಯಲ್ಲಿ ವಾಪಸು ಬಂದರು. ಹೊಸದುರ್ಗದ ರಸ್ತೆಯನ್ನು ಯಾರೂ ಹಿಡಿಯಲಿಲ್ಲ. ಅಷ್ಟು ದೂರದಿಂದ ಬಂದವರು ಆ ಕಡೆ ಹೋಗಿ ಏನು ನೋಡುತ್ತಾರೆ ಎಂಬುದು ನಮ್ಮೆಲ್ಲರ ಅನಿಸಿಕೆ. ಜೋಗದ ಫೋಟೋ ನೋಡಿ ನೋಡಿ ನಮಗೆ ನಮ್ಮ ಗುಡ್ಡಗಳು ಗುಡ್ಡಗಳಾಗಿ ಕಾಣುವುದೇ ನಿಂತುಹೋಗಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಯಜಮಾನರ ಫೋನು ಇಸಿದುಕೊಂಡರು. ರಾಮಗಿರಿಯ ಕಡೆ ಕುರಿ ಬಿಟ್ಟುಕೊಂಡಿದ್ದ ತಮ್ಮನ ಮಗನಿಗೆ ಮಾಡಿಸಿ, "ಲೇ, ಕರೇ ಗಾಡಿ ಐತೆ, ನೆರೆತ ಗಡ್ಡ ಐತೆ. ನೀನೂ ನೋಡು, ಅಡವ್ಯಾಗೆ ಇರೋರಿಗೆಲ್ಲಾ ಹೇಳು" ಎಂದರು. ಅವನು ಇನ್ನೊಂದು ಮಂದೆಯವರಿಗೆ, ಅವರು ಮತ್ತೊಂದು ಮಂದೆಯವರಿಗೆ. ಹತ್ತು ಗಂಟೆಯ ಹೊತ್ತಿಗೆ ತಿರುಗಿ ಫೋನು ಬಂತು. ಹೊಸದುರ್ಗದ ರಸ್ತೆಯಿಂದ ಒಳಗೆ, ಗಾಳಿಯಂತ್ರಗಳಿರುವ ಒಂದು ಗುಡ್ಡದ ಹಿಂದೆ, ಗಾಡಿ ಜಾಡಿನ ಪಕ್ಕದ ಕೊರಕಲಿನಲ್ಲಿ ಅವರು ಬಿದ್ದಿದ್ದರು. ಕಾಲಿನ ಮೇಲೆ ಗಾಡಿ. ಫೋನು ಕಲ್ಲಿಗೆ ಬಡಿದು ಚೂರಾಗಿತ್ತು. ಉಸಿರಿತ್ತು, ಎಚ್ಚರವೂ ಇತ್ತು. ಕುರಿಯವರು ಕಂಬಳಿಯ ಮೇಲೆ ಹಾಕಿಕೊಂಡು ಡಾಂಬರು ರಸ್ತೆಯವರೆಗೆ ಹೊತ್ತು ತಂದರು. ನಮ್ಮ ಮನೆಯಿಂದ ಗಾಡಿಯಲ್ಲಿ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿಯೂ ಇಲ್ಲ. ಅಲ್ಲಿ ಅವರು ಒಂದು ಹಗಲು ಒಂದು ರಾತ್ರಿ ಮಲಗಿದ್ದರು.

ಆಂಬ್ಯುಲೆನ್ಸು ಚಿತ್ರದುರ್ಗಕ್ಕೆ ಕರೆದೊಯ್ದಿತು. ಡಾಕ್ಟರು ನೋಡಿದವರೇ, "ನಿನ್ನೆನೇ ತಂದಿದ್ರೆ ಪಾದ ಉಳಿಸೋಕೆ ಪ್ರಯತ್ನ ಪಡಬಹುದಿತ್ತು" ಎಂದರು. ಮಗಳು ಬಂದು ಸಹಿ ಹಾಕಿದಳು. ಪಾದವನ್ನು ತೆಗೆಯಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಯಜಮಾನರು ತುಂಬಾ ಹೊತ್ತಾದ ಮೇಲೆ, "ಎಡಗಾಲು. ಗೇರ್ ಹಾಕೋ ಕಾಲು" ಎಂದರು.

ಮನೆಯಲ್ಲಿ ಅತ್ತೆ ಊಟ ಬಿಟ್ಟರು. ಹಟ ಮಾಡಿ ಬಿಟ್ಟಿದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು, ತುತ್ತು ಮುರಿಯುತ್ತಿದ್ದರು, ಎದ್ದುಬಿಡುತ್ತಿದ್ದರು. ನನ್ನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು, ಆದರೆ ಇಳಿದಿದೆ ಎಂದು ಹೇಳುವ ದೊಡ್ಡ ಮನಸ್ಸು ನನಗೆ ಬರಲಿಲ್ಲ. ನಾಲ್ಕನೆಯ ದಿನ "ನನ್ನ ಕರ್ಕಂಡ್ ಹೋಗವ್ವ, ಅವ್ರ ಮುಂದೆ ಒಂದ್ ಮಾತಾಡ್ಬೇಕು" ಎಂದರು. ಇಬ್ಬರೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆವು.

ಅವರು ದಿಂಬಿಗೆ ಒರಗಿ ಕೂತಿದ್ದರು. ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ಅತ್ತೆ ಮಂಚದ ಕಾಲು ಹಿಡಿದುಕೊಂಡು, "ಇವ್ಳು ಕೇಳಾಕೆ ಹೋದ್ಲು, ನಾನೇ ಬ್ಯಾಡ ಅಂದೆ. ತಪ್ಪು ನಂದು ಅಂತ ಹೇಳವ್ವ" ಎಂದರು. ನಾನು ಹಿಂದಿಯಲ್ಲಿ ಹೇಳಿದೆ.

ಅವರು ಅತ್ತೆಯನ್ನೇ ನೋಡುತ್ತಾ ನಿಧಾನವಾಗಿ ಉತ್ತರ ಕೊಟ್ಟರು. "ಅಮ್ಮನಿಗೆ ಹೇಳಿ. ಕೇಳಿದ್ದರೂ ಪ್ರಯೋಜನ ಇರಲಿಲ್ಲ. ಶಿವಮೊಗ್ಗಕ್ಕೆ ಅಂತಲೇ ಹೊರಟಿದ್ದೆ, ಕೇಳಿದ್ದರೆ ಹಾಗೇ ಹೇಳುತ್ತಿದ್ದೆ. ಸರ್ಕಲ್ಲಿಗೆ ಬಂದಾಗ ಸುಮ್ಮನೆ ಆ ಕಡೆ ತಿರುಗಿಸಿದೆ. ನನಗೇ ಗೊತ್ತಿರಲಿಲ್ಲ."

ಮಗಳು ಅಪ್ಪನ ಕಡೆ ಒಮ್ಮೆ ತಿರುಗಿ ನೋಡಿ ಮತ್ತೆ ಕಿಟಕಿಯ ಕಡೆ ಮುಖ ಮಾಡಿದಳು. ಅತ್ತೆ ನನ್ನಿಂದ ಆ ಮಾತನ್ನು ಎರಡು ಸಲ ಹೇಳಿಸಿದರು. ಆಮೇಲೆ ಅವರ ತಲೆ ಸವರಿದರು, ಅವರು ಅತ್ತೆಗಿಂತ ಹತ್ತು ಹನ್ನೆರಡು ವರ್ಷಕ್ಕಷ್ಟೇ ಚಿಕ್ಕವರಾದರೂ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದರು, ಇನ್ನೊಂದು ಬೇಕು ಎಂದರು. ನನಗೂ ಎದೆ ಹಗುರಾಯಿತು. ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ನಿದ್ದೆ ಹೋದೆ.

ಹದಿನೈದು ದಿನದ ಮೇಲೆ ಠಾಣೆಯ ಕೆಲಸವೆಲ್ಲ ಮುಗಿದು ಗಾಡಿ ಲಗೇಜ್ ಆಟೋದಲ್ಲಿ ಗ್ಯಾರೇಜಿಗೆ ಬಂತು. ಅಷ್ಟರಲ್ಲಿ ಮಗಳು ಅಪ್ಪನನ್ನು ಪುಣೆಗೆ ಕರೆದೊಯ್ದಿದ್ದಳು. ಬ್ಯಾಗುಗಳನ್ನು ಮಾತ್ರ ಕಳಿಸಿ, ಗಾಡಿಯ ವಿಚಾರ ಆಮೇಲೆ ನೋಡೋಣ ಎಂದಿದ್ದಳು. ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಆ ಬ್ಯಾಗುಗಳನ್ನು ಹರವಿಕೊಂಡು ಮಣ್ಣು ತೊಳೆಯುತ್ತಿದ್ದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟುವ ಚಿಕ್ಕ ಬ್ಯಾಗಿಗೆ ನೆತ್ತಿಯಲ್ಲೊಂದು ಪ್ಲಾಸ್ಟಿಕ್ ಕಿಸೆ ಇರುತ್ತದೆ, ಗಾಡಿ ಓಡಿಸುವವರು ನೋಡಿಕೊಳ್ಳಲು. ಅದರೊಳಗಿಂದ ಮಡಿಸಿದ ಹಾಳೆಯೊಂದನ್ನು ಅತ್ತೆ ಹುಷಾರಾಗಿ ತೆಗೆದು ನನ್ನ ಕೈಗೆ ಕೊಟ್ಟರು.

ಅದು ನನ್ನದೇ ಹಾಳೆ. ಉತ್ತರ ಬರೆಯಲು ಮಕ್ಕಳಿಗೆ ಕೊಡುವ, ಮಾರ್ಜಿನ್ ಹೊಡೆದ ಹಾಳೆ. ಹೊರಡುವ ಹಿಂದಿನ ಸಂಜೆ ಒಂದು ಕಾಗದ ಇದೆಯಾ ಎಂದು ಅವರು ಕೇಳಿದ್ದು, ನಾನು ಪೇಪರು ತಿದ್ದುತ್ತಲೇ ತಲೆಯೆತ್ತದೆ ಒಂದನ್ನು ಹರಿದು ಕೊಟ್ಟಿದ್ದು ಆಗ ನೆನಪಾಯಿತು. ಅದರ ಮೇಲೆ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ ಹಿಂದಿಯಲ್ಲಿ ಬರೆದಿತ್ತು. ಮೂಲೆಯಲ್ಲಿ ಆ ಸಂಜೆಯ ತಾರೀಖು. ಹೊಳಲ್ಕೆರೆಯಿಂದ ಏಳಕ್ಕೆ, ಹೊಸದುರ್ಗದ ರಸ್ತೆ. ಗಾಳಿಯಂತ್ರದ ಗುಡ್ಡ ಸಿಕ್ಕಿದ ಮೇಲೆ ಎಡಕ್ಕೆ ಮಣ್ಣಿನ ದಾರಿ, ಹಿಂಬದಿಯ ಬಂಡೆಗಳು. ಹನ್ನೊಂದಕ್ಕೆ ವಾಪಸು ರಸ್ತೆಗೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುಡ್ಡದ ಚಿತ್ರ, ದಾರಿಗೊಂದು ಬಾಣದ ಗುರುತು.

"ಏನ್ ಬರ್ದೈತವ್ವ ಅದ್ರಾಗೆ?" ಎಂದರು ಅತ್ತೆ. ಅವರಿಗೆ ಯಾವ ಅಕ್ಷರವೂ ಬಾರದು.

"ಗಾಡಿ ಸರ್ವೀಸಿಂದು ಅತ್ತೆ. ಎಣ್ಣೆ ಯಾವಾಗ ಬದಲಿಸ್ಬೇಕು ಅಂತ."

"ಹಂಗಾದ್ರೆ ಜ್ವಾಪಾನ ಮಾಡಿ ಕಳ್ಸು. ಹೊಸ ಕಾಲು ಹಾಕಿಸ್ಕಂಡು ಗಾಡಿ ಹತ್ತಿದಾಗ ಬೇಕಾಗ್ತೈತೆ ಅವ್ರಿಗೆ" ಎಂದು ಹೇಳಿ, ತೊಳೆದ ಬ್ಯಾಗನ್ನು ಬಿಸಿಲಿಗೆ ಒಣಗಹಾಕಲು ಎದ್ದರು.

ಉಳಿದದ್ದನ್ನೆಲ್ಲ ಪಾರ್ಸೆಲ್ ಮಾಡಿದೆ. ಆ ಹಾಳೆಯನ್ನು ಮಾತ್ರ ಕಳಿಸಲಿಲ್ಲ, ಯಜಮಾನರಿಗೂ ತೋರಿಸಲಿಲ್ಲ. ಅಂದು ನಾನು ಕೇಳಿದ್ದರೆ ಮೇಷ್ಟ್ರು ಹೊಸದುರ್ಗದ ರಸ್ತೆ ಎಂದೇ ಹೇಳುತ್ತಿದ್ದರು.