ಗಗನನೌಕೆಯ ಎರಡು ದಾರ

ಬನಹಟ್ಟಿಯ ಮಧುಮತಿ ಹದಿನಾಲ್ಕು ವರ್ಷ ಸೀರೆ ನೋಡಿದವಳು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು, ಎದ್ದ ಎಳೆಗಳನ್ನು ಕಿತ್ತು ಮಡಿಸುವುದು ಅವಳ ಕೆಲಸ. ಅವಳ ಕೈ ದಾಟಿದ ಸೀರೆ ಅಂಗಡಿಯಿಂದ ಮರಳಿ ಬಂದದ್ದಿಲ್ಲ. ಆದರೆ ನೂಲಿನ ದೂಳು ಎದೆಗೆ ಇಳಿದು ಉಬ್ಬಸ ಹತ್ತಿತು. ಆ ಕೆಲಸ ಬಿಡದಿದ್ದರೆ ಉಸಿರು ಉಳಿಯದು ಎಂದರು ಡಾಕ್ಟರು.

ಜಮಖಂಡಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಳೇಶನ ಎಂಟು ಕಂಪ್ಯೂಟರುಗಳಿವೆ. ಮುಂಬಯಿಯ ಕಂಪನಿಯೊಂದು ಹಳೆಯ ಸಿನಿಮಾಗಳನ್ನು ಅಲ್ಲಿಗೆ ಕಳಿಸುತ್ತದೆ. ರೀಲಿನ ಒಂದೊಂದೇ ಬಿಡಿ ಚಿತ್ರ, ಅಂದರೆ ಫ್ರೇಮು, ತೆರೆದು ದೂಳು, ಗೀರು ಅಳಿಸಬೇಕು. ಮನೆಯಲ್ಲಿ ಹಾಕಿ ನೋಡುವ ಡಿಸ್ಕ್ ಆಮೇಲೆ ತಯಾರಾಗುತ್ತದೆ. ಮಧುಮತಿಯ ಕಣ್ಣು ನಂಬಿ ಬಾಳೇಶ ಅವಳನ್ನು ಕರೆದು, ಎರಡು ತಿಂಗಳು ಕಲಿಸಿದ. ಅವಳಿಗೆ ಸಿಕ್ಕ ಮೊದಲ ರೀಲು ಬ್ರಿಟನ್ನಿನ ಅರವತ್ತು ವರ್ಷ ಹಳೆಯ ಸಿನಿಮಾದ್ದು. ಕಪ್ಪು ಆಕಾಶ, ಬಿಳಿ ಗಗನನೌಕೆ. ಅದು ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಸೀರೆ.

ನೌಕೆ ಚಂದ್ರನ ಮೇಲೆ ಇಳಿಯುವಾಗ ಅದರ ನೆತ್ತಿಯಿಂದ ಎರಡು ದಾರ ಮೇಲಕ್ಕೆ ಹೋಗಿದ್ದವು. ಆಟಿಕೆಯಂಥ ಪುಟ್ಟ ನೌಕೆಯನ್ನು ತೂಗಿಬಿಟ್ಟ ದಾರವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ ಹೆಚ್ಚು ಶ್ರದ್ಧೆಯಿಂದ ಅಳಿಸಿದಳು, ಇನ್ನೂರ ಹನ್ನೆರಡು ಚಿತ್ರಗಳಲ್ಲಿ. ಎಳೆ ಎದ್ದ ಸೀರೆಯನ್ನು ಯಾರು ಉಡುತ್ತಾರೆ?

ಬುಧವಾರ ರೀಲು ಮುಂಬಯಿಯಿಂದ ವಾಪಸು ಬಂತು. ಬಾಳೇಶ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತ.

“ಅಕ್ಕಾರ, ನೌಕಾದ ದಾರ ಎಲ್ಲಿ ಹೋದುವ್ರಿ?”

“ತೆಗದೇನ್ರಿ. ಎದ್ದು ಕಾಣಾಕತ್ತಿದ್ದುವು.”

“ಕಾಣಲಿ ಅಂತಾರ ಅವರು. ಯಾರೋ ಕೈಯಾರೆ ಕಟ್ಟಿದ್ದು ಅದು. ನಾವು ಕಸಾ ಹೊಡಿಯಾವ್ರು ಅಷ್ಟ; ನೀವು ಮನಿ ತೊಲಿನ ಕಿತ್ತೀರಿ.”

ಶುಕ್ರವಾರದ ಗಡುವು. ಮೂಲ ಪ್ರತಿ ಇತ್ತು, ಆದರೆ ಅದನ್ನೇ ತಂದಿಟ್ಟರೆ ದಾರದ ಜೊತೆ ದೂಳೂ ಮರಳುತ್ತಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಸಂಜೆ ಮನೆಯಲ್ಲಿ ತಾಯಿ ಸಾವಿತ್ರೆವ್ವನಿಗೆ ಹೇಳಿದಳು. ಸಾವಿತ್ರೆವ್ವ ಮಗ್ಗದಲ್ಲಿ ಹರಿದ ಎಳೆ ಕಟ್ಟುತ್ತಲೇ ಮುದುಕಿಯಾದವಳು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: “ಗಂಟು ಹೆಂಗ ಹಾಕ್ಯಾರ?”

ಮಧುಮತಿ ಅದನ್ನು ನೋಡಿರಲಿಲ್ಲ.

ಮರುದಿನ ಚಿತ್ರ ಹಿಗ್ಗಿಸಿದಳು. ನೌಕೆಯ ನೆತ್ತಿಯ ಮೇಲೆ ಪುಟ್ಟ ಗಂಟು, ಕತ್ತರಿಸದೆ ಬಿಟ್ಟ ಒಂದು ತುದಿ. ನೌಕೆ ಓಲಿದರೆ ತುದಿಯೂ ಓಲುತ್ತಿತ್ತು. ದೂಳು ಹಾಗಲ್ಲ, ಒಂದು ಚಿತ್ರದಲ್ಲಿದ್ದದ್ದು ಮುಂದಿನದರಲ್ಲಿ ಇರುವುದಿಲ್ಲ. ಆ ಗಂಟಿನಿಂದ ಹಿಡಿದು ದಾರದ ಗುಂಟ ಮೇಲಕ್ಕೆ ಹೋಗುತ್ತ, ಎರಡೂ ಬದಿಯ ದೂಳನ್ನಷ್ಟೇ ತೆಗೆದಳು. ಶುಕ್ರವಾರ ಊಟದ ಹೊತ್ತಿಗೆ ಇನ್ನೂರ ಹನ್ನೆರಡನೆಯದು ಮುಗಿಯಿತು.

ಸೋಮವಾರ ಒಪ್ಪಿಗೆಯೂ ಎರಡನೇ ರೀಲೂ ಒಟ್ಟಿಗೆ ಬಂದವು. ಮೊದಲ ದೃಶ್ಯದಲ್ಲೇ ಚಂದ್ರನ ಮೇಲೊಂದು ಎಳೆ. ಮಧುಮತಿಯ ಬೆರಳು ಮುಂದೆ ಹೋಗಿ ನಿಂತಿತು. ಮುಂದಿನ ಚಿತ್ರ ತೆರೆದಳು. ಅಲ್ಲಿ ಎಳೆ ಇರಲಿಲ್ಲ. ಹಿಂದಕ್ಕೆ ಬಂದು ಅಳಿಸಿದಳು.