ಬಗಲ ಗಂಟು

ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತವನ್ನು ಕಾಲಿನಿಂದ ಹರವಿ ಒಣಗಿಸುವ ಹೆಂಗಸರಲ್ಲಿ ತಿಮ್ಮವ್ವನದು ದೊಡ್ಡ ಬಾಯಿ. ಗುಮಾಸ್ತ ಹಾಜರಿ ತಪ್ಪಿಸಿದರೆ ಅವನ ಮನೆತನದ ಚರಿತ್ರೆಯನ್ನೆಲ್ಲ ಅಂಗಳದಲ್ಲೇ ಬಿಚ್ಚಿ ಹರವುತ್ತಿದ್ದಳು. ಗಂಡ ಹುಸೇನಪ್ಪ ಅದೇ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ. ಮನೆಯಲ್ಲಿ ಅವನಿಗೆ ಮಾತಾಡುವ ಸರದಿಯೇ ಬರುತ್ತಿರಲಿಲ್ಲ. ಇಂಥ ಬಾಯಿಯ ಹೆಂಗಸಿಗೆ ಒಂದೇ ಒಂದು ಶಬ್ದ ಆಡಲಾಗದೆ ಪೂರ್ತಿ ಒಂದು ವರ್ಷ ಹಾಳಾಯಿತೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಆದದ್ದು ಹಾಗೆಯೇ.

೧೯೭೫ರಲ್ಲಿ ಒಂದು ದಿನ ಮೈ ತೊಳೆದುಕೊಳ್ಳುವಾಗ ಎಡಗಡೆ ಎದೆಯಲ್ಲಿ ಗಂಟೊಂದು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ಎರಡು ತಿಂಗಳಲ್ಲಿ ಅದು ಬೆಳೆದಾಗ ಅತ್ತೆಯ ಮುಂದೆ "ಬಗಲಾಗ ಗಂಟು ಆಗ್ಯಾದ" ಅಂದಳು. ಬಗಲು ಎಂದರೆ ಕಂಕುಳು. ಹೆಸರು ಹಿಡಿದು ಹೇಳಲಾಗದ ಜಾಗಕ್ಕೆ ಆ ಕಡೆಯ ಹೆಣ್ಣುಮಕ್ಕಳು ಪಕ್ಕದ ಜಾಗದ ಹೆಸರು ಹೇಳಿ ಮುಗಿಸುತ್ತಾರೆ. ಅತ್ತೆ ಬಗಲನ್ನು ಬಗಲೆಂದೇ ತಿಳಿದಳು. ಗಿಡಮೂಲಿಕೆ ಔಷಧ ಕೊಡುವ ಬೂದೆಪ್ಪನೂ ಹಾಗೇ ತಿಳಿದು, ಯಾವುದೋ ಸೊಪ್ಪು ಅರೆದು ಸುಣ್ಣ ಬೆಲ್ಲ ಕಲಸಿ ಬಗಲಿಗೆ ಲೇಪ ಹಾಕಿ ಬಟ್ಟೆ ಕಟ್ಟಿದ. ಏನೂ ಆಗಿರದ ಬಗಲಿನ ಚರ್ಮ ಸುಲಿದು ಬಂತು. ನಾಲ್ಕು ಬೆರಳು ಆಚೆಗೆ ಗಂಟು ತನ್ನ ಪಾಡಿಗೆ ತಾನು ಬೆಳೆಯುತ್ತಾ ಹೋಯಿತು. "ಕಡಿಮಿ ಆಗ್ಯಾದೇನು?" ಎಂದು ಬೂದೆಪ್ಪ ವಾರಕ್ಕೊಮ್ಮೆ ಕೇಳುತ್ತಿದ್ದ. "ಆಗ್ಯಾದರೀ" ಎಂದು ಇವಳು ನೆಲ ನೋಡುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಕೆಲಸ ಶ್ರದ್ಧೆಯಿಂದ ಮಾಡಿದರು.

ಕುಬಸ ರಕ್ತದಲ್ಲಿ ಒದ್ದೆಯಾದ ದಿನ ಹುಸೇನಪ್ಪ ಯಾರನ್ನೂ ಕೇಳದೆ ಅವಳನ್ನು ರಾಯಚೂರಿನ ಬಸ್ಸು ಹತ್ತಿಸಿದ. ಅಲ್ಲಿಯ ವಯಸ್ಸಾದ ಡಾಕ್ಟರೊಬ್ಬರು ಆ ಕಡೆಯ ಎದೆಯನ್ನೇ ತೆಗೆದುಹಾಕಿದರು. ಎಂಟು ದಿನ ಮಂಚದ ಮೇಲೆ ಮಲಗಿದ್ದಾಗ ತಿಮ್ಮವ್ವ ಕಣ್ಣಲ್ಲೇ ಹುಡುಕಿದ್ದು ಒಂದನ್ನೇ: ಹೀಗಾಗಿಯೂ ಬದುಕಿದ ಇನ್ನೊಬ್ಬ ಹೆಂಗಸು. ಇದರ ಮೇಲೆ ಕುಬಸ ಹೇಗೆ ತೊಡುವುದು, ಗಂಡನ ಎದುರು ಹೇಗೆ ನಿಲ್ಲುವುದು, ಎಷ್ಟು ದಿನ ಬದುಕುವುದು ಎಂದು ಕೇಳಬೇಕಿತ್ತು. ಹೆರಿಗೆಯವರಿದ್ದರು, ಕಾಲು ಮುರಿದವರಿದ್ದರು. ಅಂಥವಳು ಒಬ್ಬಳೂ ಸಿಗಲಿಲ್ಲ. ಆ ಒಂಟಿತನ ಅವಳನ್ನು ಗಾಯಕ್ಕಿಂತ ಹೆಚ್ಚು ನೋಯಿಸಿತು.

ಅದು ೧೯೭೬. ಆಪರೇಷನ್ ಎಂದರೆ ಆಗ ಊರೂರಿನಲ್ಲಿ ಒಂದೇ ಅರ್ಥ, ಮಕ್ಕಳಾಗದ ಹಾಗೆ ಮಾಡಿಸಿಕೊಳ್ಳುವುದು. ತಿರುಗಿ ಕೆಲಸಕ್ಕೆ ಬಂದಾಗ ಗಿರಣಿಯ ಹೆಂಗಸರು "ನೀನೂ ಮಾಡಿಸಿಕೊಂಡೇನಬೇ?" ಅಂದರು. "ಹೂಂ, ನಂದೂ ಆತು" ಎಂದು ತಿಮ್ಮವ್ವ ಭತ್ತದಲ್ಲಿ ಕಾಲಿಟ್ಟಳು. ಹುಸೇನಪ್ಪ ಗಾಯವನ್ನು ಒಂದೇ ಸಲ ನೋಡಿದ, ಎದ್ದು ಹೊರಗೆ ಹೋಗಿ ಒಂದು ಚೆಂಬು ನೀರು ಕುಡಿದು ಬಂದ. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ.

ಐದು ವರ್ಷ ಹೀಗೇ ಕಳೆದವು. ೧೯೮೧ರ ಶ್ರಾವಣದಲ್ಲಿ ದೇವದುರ್ಗದ ಕಡೆಯ ಮಸರಕಲ್ಲಿನಿಂದ ಮೂಕಮ್ಮ ಎಂಬುವಳು ಅವಳನ್ನು ಹುಡುಕಿಕೊಂಡು ಬಂದಳು. ಮೂವತ್ತರ ಆಸುಪಾಸಿನ ಹೆಣ್ಣು, ಮುಖ ಬಾಡಿತ್ತು. ಕಳಿಸಿದವನು ಬಳೆಗಾರ ಅಲ್ಲಾಉದ್ದೀನ್. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ತಿರುಗುವ ಅವನಿಗೆ ಹೆಂಗಸರ ಕೈ ಹಿಡಿದೇ ಅರ್ಧ ಸಮಾಚಾರ ಗೊತ್ತಾಗುತ್ತಿತ್ತು. ತಿಮ್ಮವ್ವನ ಎಡಗೈ ಭುಜದ ಮೇಲೆ ಏಳುವುದಿಲ್ಲ ಎಂಬುದನ್ನು ಅವನು ಎಂದೋ ಕಂಡಿದ್ದ. ಮೂಕಮ್ಮ ಬಳೆ ಇಡಿಸಿಕೊಳ್ಳುವಾಗ ಮುಲುಗಿದ್ದು ನೋಡಿ, "ಮಾನ್ವ್ಯಾಗ ತಿಮ್ಮವ್ವ ಅಂತ ಅದಾಳ. ಹೋಗಿ ಕೇಳಮ್ಮಾ" ಅಂದಿದ್ದನಂತೆ.

"ಅಕ್ಕಾ, ನನಗ ಬಗಲಾಗ ಗಂಟು ಆಗ್ಯಾದ. ಲೇಪ ಹಚ್ಚಾಕತ್ತಾರ" ಅಂದಳು ಮೂಕಮ್ಮ.

ತಿಮ್ಮವ್ವ ಅವಳ ಮುಖವನ್ನೇ ನೋಡಿದಳು. "ಬಗಲಾಗೋ, ಬಗಲ ಮುಂದೋ?"

ಮೂಕಮ್ಮ ತಲೆ ತಗ್ಗಿಸಿದಳು. ಅಷ್ಟೇ ಸಾಕಾಯಿತು. ತಿಮ್ಮವ್ವ ಕದ ಮುಂದೆ ಮಾಡಿ, ಅಗಳಿ ಹಾಕಿ, ಸೆರಗು ಸರಿಸಿ ಕುಬಸದ ಗುಂಡಿ ಬಿಚ್ಚಿದಳು. ಐದು ವರ್ಷದಲ್ಲಿ ಗಂಡನೂ ಎರಡನೇ ಸಲ ನೋಡಿರದ ಜಾಗವನ್ನು ಅರ್ಧ ಗಳಿಗೆಯ ಹಿಂದೆ ಪರಿಚಯವಾದವಳಿಗೆ ತೋರಿಸಿದಳು. ಮೂಕಮ್ಮ ಮೊದಲು ಕಣ್ಣು ಮುಚ್ಚಿದಳು, ಆಮೇಲೆ ತೆರೆದಳು, ಆಮೇಲೆ ಎರಡು ಬೆರಳಿನಿಂದ ಮುಟ್ಟಿ ನೋಡಿದಳು.

"ನೋಯ್ತದೇನು?"

"ಇಲ್ಲ. ಮಳಿಗಾಲದಾಗ ತಿಂಡಿ ಬಿಡ್ತದ, ತುರಿಸ್ಕೋತೀನಿ."

"ನಿನ್ನ ಗಂಡ ಏನಂದ?"

ಕೇಳಲು ಬಂದದ್ದು ಇದನ್ನೇ ಎಂದು ತಿಮ್ಮವ್ವನಿಗೆ ಗೊತ್ತಾಯಿತು. "ಏನಂತಾನ. ಹಸಿವಾಗ್ಯಾದ, ರೊಟ್ಟಿ ಬಡಿ ಅಂದ" ಎಂದಳು. ಮೂಕಮ್ಮ ನಕ್ಕಳು, ನಗುತ್ತಲೇ ಅತ್ತಳು. ತಿಮ್ಮವ್ವನಿಗೆ ಆ ಹೊತ್ತಿನಲ್ಲಿ ಆದ ಸಮಾಧಾನ ಹೇಳತೀರದು. ಇಷ್ಟು ವರ್ಷ ತಾನು ಹುಡುಕುತ್ತಿದ್ದ ಹೆಂಗಸು ತಾನೇ ಆಗಿದ್ದಳು.

ಡಾಕ್ಟರನ್ನು ಆರಿಸುವುದು ಅಷ್ಟು ಸಲೀಸಾಗಲಿಲ್ಲ. ಮೂಕಮ್ಮನ ಗಂಡ ಗದ್ದೆಪ್ಪನ ಕಾಲಿನ ಗಡ್ಡೆ ತೆಗೆದಿದ್ದ ಡಾಕ್ಟರೊಬ್ಬರು ರಾಯಚೂರಿನ ಸ್ಟೇಷನ್ ಕಡೆಗಿದ್ದರು. ಮೊದಲು ಅಲ್ಲಿಗೇ ಹೋಗೋಣವೆಂದು ಮೂಕಮ್ಮ ಹಟ ಹಿಡಿದಳು. ಹೋದರು. ಡಾಕ್ಟರು ನಗುಮುಖದವರು, "ಬಾ ತಾಯಿ, ಕೂಡು ತಾಯಿ" ಎಂದು ಉಪಚಾರ ಮಾಡಿದರು. ಮೂಕಮ್ಮ ಬಗಲು ಎಂದಳು, ಅವರು ಕುಬಸದ ಮೇಲಿನಿಂದಲೇ ಬಗಲು ಮುಟ್ಟಿ, "ಸಣ್ಣ ಗಂಟು. ಹದಿನೈದು ನಿಮಿಷದ ಕೆಲಸ. ಸೋಮವಾರ ಬಾ" ಅಂದರು. ಅವಳ ಮುಖ ಅರಳಿತು. ತಿಮ್ಮವ್ವ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದಳು.

"ಎಷ್ಟ ಚೆಂದ ಮಾತಾಡಿದ್ರು ಅಕ್ಕಾ."

"ಚೆಂದ ಮಾತು ತಗೊಂಡು ಏನು ಸುಡ್ತಿ? ಇಲ್ಲದ ಗಂಟು ಅವನ ಕೈಗೆ ಸಿಕ್ಕ್ಯಾದ. ಇರೋದನ್ನ ಮುಟ್ಟೇ ಇಲ್ಲ. ಆರಾಮ ಇರೋ ಬದೀನೂ ನೋಡ್ತಾನಲ್ಲ, ಅಂವ ಡಾಕ್ಟರ. ನಡಿ."

ತಿಮ್ಮವ್ವನಿಗೆ ಆಪರೇಷನ್ ಮಾಡಿದ್ದ ಹಳೆಯ ಡಾಕ್ಟರು ಐದು ವರ್ಷದಲ್ಲಿ ಇನ್ನಷ್ಟು ಸಿಡುಕರಾಗಿದ್ದರು. ಬಗಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನರ್ಸಿಗೆ ಹೇಳಿ ಪರದೆಯ ಹಿಂದೆ ಕುಬಸ ತೆಗೆಸಿದರು. ಎಡ ನೋಡಿದರು, ಬಲ ನೋಡಿದರು, ಎರಡೂ ಬಗಲು ನೋಡಿದರು, ಎಷ್ಟು ದಿನವಾಯಿತೆಂದು ಕೇಳಿದರು. "ಎಂಟು ತಿಂಗಳು ಇದನ್ನು ಮುಚ್ಚಿಟ್ಟುಕೊಂಡು ಯಾರಿಗೆ ಉಪಕಾರ ಮಾಡಿದಿ?" ಎಂದು ಗದರಿದರು. ಸಣ್ಣ ತುಣುಕು ತೆಗೆದು ಬಳ್ಳಾರಿಗೆ ಪರೀಕ್ಷೆಗೆ ಕಳಿಸಬೇಕು, ಬಹುಶಃ ಎದೆಯನ್ನೇ ತೆಗೆಯಬೇಕಾಗುತ್ತದೆ, ತಡ ಮಾಡಬೇಡ ಅಂದರು. ಮೂಕಮ್ಮ ಹಲ್ಲು ಕಚ್ಚಿ ಅಳತೊಡಗಿದಳು. "ನಾ ಒಲ್ಲೆ ಅಕ್ಕಾ. ಊರಿಗೆ ಹೋಗೂನು ನಡಿ."

"ನನ್ನ ನೋಡು. ಐದು ವರ್ಷ ಆತು. ಕಲ್ಲಿನಂಗ ಅದೀನಿ" ಅಂದಳು ತಿಮ್ಮವ್ವ.

ಡಾಕ್ಟರು ಆಗ ಕನ್ನಡಕ ಏರಿಸಿ ಇವಳ ಕಡೆ ತಿರುಗಿದರು. "ನೀನು ಕಡೆಗೆ ಬಂದಿದ್ದು ಯಾವಾಗ? ಒಳಗೆ ಬಾ, ನಿನ್ನದೂ ನೋಡುತ್ತೇನೆ."

ಮೂರು ವಾರದ ಹಿಂದೆ ನೀರು ಹಾಕಿಕೊಳ್ಳುವಾಗ ಎಡಗಡೆ ಬಗಲಲ್ಲಿ ಜೋಳದ ಕಾಳಿನಷ್ಟು ಗಟ್ಟಿಯಾದದ್ದೊಂದು ತಿಮ್ಮವ್ವನ ಕೈಗೆ ಸಿಕ್ಕಿತ್ತು. ಈ ಸಲ ಸುಳ್ಳಲ್ಲ, ಮರೆಮಾತಲ್ಲ. ನಿಜವಾಗಿಯೂ ಬಗಲಲ್ಲೇ. ಯಾರಿಗೂ ಹೇಳಿರಲಿಲ್ಲ. ಈಗ ಪರದೆಯ ಹಿಂದೆ ಹೋದರೆ ಡಾಕ್ಟರ ಬಾಯಿಂದ ಅದು ಬರುತ್ತದೆ. ಬಂದರೆ ಈ ಹೆಣ್ಣು ಮಸರಕಲ್ಲಿನ ಬಸ್ಸು ಹತ್ತಿ ಮತ್ತೆ ಲೇಪಕ್ಕೆ ಬಗಲು ಒಡ್ಡುತ್ತಾಳೆ. ಮೂಕಮ್ಮ ಕಣ್ಣೊರೆಸಿಕೊಂಡು ಇವಳನ್ನೇ ನೋಡುತ್ತಿದ್ದಳು.

"ನನಗೇನಾಗ್ಯಾದ್ರೀ. ಆಕಿದು ಮುಗೀಲಿ, ಮುಂದಿನ ಸಲ ತೋರಸ್ತೀನಿ" ಎಂದು ನಕ್ಕುಬಿಟ್ಟಳು ತಿಮ್ಮವ್ವ.

ಮುಂದಿನ ಸಲ ಬೇಗ ಬರುತ್ತದೆ ಎಂದೇ ಅವಳು ನಂಬಿದ್ದಳು. ಬಳ್ಳಾರಿಯಿಂದ ಕೆಟ್ಟ ಸುದ್ದಿ ಬಂತು. ಅದನ್ನು ಕೇಳಿಯೂ ಮೂಕಮ್ಮನ ಮನೆಯವರು ಮೈದುನನ ಮದುವೆ ಮುಗಿಯಲಿ ಅಂದರು. ಮದುವೆ ಮುಗಿದ ಮೇಲೆ ಜೋಳದ ಹೊಲಕ್ಕೆ ಆಳಿಲ್ಲ ಅಂದರು. ಎರಡು ಸಲ ತಾರೀಖು ತಪ್ಪಿತು. ತಿಮ್ಮವ್ವ ದೇವದುರ್ಗದ ಬಸ್ಸು ಹಿಡಿದು ಮಸರಕಲ್ಲಿಗೆ ನಾಲ್ಕು ಸಲ ಹೋದಳು. ಕಡೆಯ ಸಲ ಗದ್ದೆಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ, "ಹೊಲ ಮುಂದಿನ ವರ್ಷನೂ ಇರ್ತದ ತಮ್ಮಾ. ಈಕಿ ಇರ್ತಾಳ ಅಂತ ಬರಕೊಡು, ನಾ ಎದ್ದು ಹೋಗ್ತೀನಿ" ಅಂದಳು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ. ಮರುದಿನ ಹೆಂಡತಿಯನ್ನು ಕಳಿಸಿದ.

ಇಷ್ಟರಲ್ಲಿ ಆರು ತಿಂಗಳು ಕಳೆದಿದ್ದವು. ಜೋಳದ ಕಾಳು ಹುಣಸೆ ಬೀಜದಷ್ಟಾಗಿ, ಅದರ ಪಕ್ಕಕ್ಕೆ ಇನ್ನೊಂದು ಹುಟ್ಟಿತ್ತು. ತಿಮ್ಮವ್ವನಿಗೆ ಭಯವಾಗುತ್ತಿರಲಿಲ್ಲ ಎಂದರೆ ಸುಳ್ಳು. ತುಂಬ ಭಯವಾಗುತ್ತಿತ್ತು. ಸುಮ್ಮನೆ ಒಬ್ಬಳೇ ಹೋಗಿ ತೋರಿಸಿ ಬಂದರೂ ಆಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಡಾಕ್ಟರು ಹೌದು ಅಂದಮೇಲೆ 'ಕಲ್ಲಿನಂಗ ಅದೀನಿ' ಎಂಬ ಮಾತು ತನ್ನ ಬಾಯಿಂದ ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತನಗೇ ಗೊತ್ತಿಲ್ಲದಿದ್ದರೆ ಅದು ಪೂರ್ತಿ ಸುಳ್ಳಾಗುವುದಿಲ್ಲ ಎಂಬ ಹುಚ್ಚು ಲೆಕ್ಕದಲ್ಲಿ ದಿನ ತಳ್ಳಿದಳು.

೧೯೮೨ರ ಮಾಘದಲ್ಲಿ ಮೂಕಮ್ಮನ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ತನಕ ಅವಳು ತಿಮ್ಮವ್ವನ ಬಳೆ ಹಿಡಿದಿದ್ದಳು, ಎರಡು ಬಳೆ ಒಡೆದವು. ಎಂಟು ದಿನ ತಿಮ್ಮವ್ವ ಮಂಚದ ಕೆಳಗೆ ಚಾಪೆ ಹಾಸಿದಳು, ಗಂಜಿ ಕುಡಿಸಿದಳು, ಗಿರಣಿಯ ಗುಮಾಸ್ತನ ಕತೆ ಹೇಳಿ ನಗಿಸಿದಳು. ಗಾಯ ಚೆನ್ನಾಗಿ ಮಾಯತೊಡಗಿತು. ಬೇರು ಬಿಟ್ಟಿಲ್ಲ, ಬದುಕುತ್ತಾಳೆ ಎಂದು ಡಾಕ್ಟರು ಸಿಡುಕದೆ ಹೇಳಿದರು.

ಒಂಬತ್ತನೆಯ ದಿನ ನರ್ಸು ಬಂದು, ಕೈ ಸೆಟೆಯದಿರಲು ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲೇರಿಸಬೇಕು ಎಂದು ಹೇಳಿಹೋದಳು. ಮೂಕಮ್ಮ ಹೆದರಿದಳು. "ಏನಿಲ್ಲ ಬಾ, ಹಿಂಗ" ಎಂದು ತಿಮ್ಮವ್ವ ಪಕ್ಕದಲ್ಲಿ ನಿಂತು ತನ್ನ ಎಡಗೈ ಬೆರಳುಗಳನ್ನು ಗೋಡೆಗೆ ಹಚ್ಚಿದಳು. ನಿನ್ನೆ ಮೊನ್ನೆ ಹಸಿಗಾಯವಾದ ಮೂಕಮ್ಮನ ಕೈ ಭುಜದ ಎತ್ತರಕ್ಕೆ ಬಂತು. ತಿಮ್ಮವ್ವನದು ಅದಕ್ಕೂ ಕೆಳಗೇ ನಿಂತಿತು. ಮುಂಗೈ ಊದಿ ಬಳೆ ಒತ್ತಿದ್ದನ್ನೂ ಮೂಕಮ್ಮ ಆಗಲೇ ನೋಡಿದ್ದು. ಕೇಳಲಿಲ್ಲ, ಸೀದಾ ಕೈ ಹಾಕಿ ಅವಳ ಬಗಲು ಮುಟ್ಟಿದಳು.

"ಯಾವಾಗಿಂದ?"

"ನಿನ್ನ ಜೊತಿ ಮೊದಲನೇ ಸಲ ಬಂದಿದ್ನಲ್ಲ, ಆವಾಗಿಂದ."

ಮೂಕಮ್ಮ ಉಪಕಾರ ನೆನೆಯಲಿಲ್ಲ, ಕಾಲಿಗೆ ಬೀಳಲಿಲ್ಲ. ಅವಳಿಗೆ ಸಿಟ್ಟು ಬಂತು. "ನೀ ನನ್ನ ಬದೀಗೆ ಕುಂತಿ. ನನ್ನ ನಿನ್ನ ಬದೀಗೆ ಕೂಡಸಲಿಲ್ಲ. ನನಗ ಹೇಳಿದ್ರ ಹೆದರತಿದ್ದೆ ಖರೇ. ಇಬ್ಬರೂ ಕೂಡೇ ಹೆದರತಿದ್ವಿ, ಇಬ್ಬರೂ ಕೂಡೇ ಒಳಗ ಹೋಗತಿದ್ವಿ."

ಆವತ್ತೇ ಮೂಕಮ್ಮ ಎದೆಗೆ ಪಟ್ಟಿ ಇದ್ದ ಹಾಗೇ ಅವಳನ್ನು ಡಾಕ್ಟರ ಪರದೆಯ ಹಿಂದೆ ತಳ್ಳಿಕೊಂಡು ಹೋದಳು. ಡಾಕ್ಟರು ಬಗಲು ನೋಡಿದರು, ಕೊರಳಿನ ಸಂದು ಮುಟ್ಟಿದರು, ಹೊಟ್ಟೆ ಒತ್ತಿ ನೋಡಿದರು. ಈ ಸಲ ಗದರಲಿಲ್ಲ. ತಿಮ್ಮವ್ವನಿಗೆ ಆಗಲೇ ಅರ್ಧ ತಿಳಿಯಿತು. ಅವರು ಮೂಕಮ್ಮನನ್ನು ಹೊರಗೆ ಕರೆದರು. ತಿಮ್ಮವ್ವ ಒಂದೇ ಕೈಯಿಂದ ಕುಬಸದ ಗುಂಡಿ ಹಾಕಿಕೊಂಡು ಬರುವಷ್ಟರಲ್ಲಿ ಮೂಕಮ್ಮ ಬೆಂಚಿನ ಮೇಲೆ ಕುಳಿತಿದ್ದಳು.

"ಏನಂದ್ರು?"

'ಏನಿಲ್ಲಂತ, ಗುಳಿಗಿ ಕೊಟ್ಟಾರ' ಎಂದು ಮೂಕಮ್ಮ ಹೇಳಿದರೆ ಮುಗಿಯುತ್ತಿತ್ತು. ಹಾಗೇ ಹೇಳುತ್ತಾಳೆ ಎಂದು ತಿಮ್ಮವ್ವ ಕಾದಳು, ನಂಬಿದ ಹಾಗೆ ಮಾಡಲು ಸಿದ್ಧಳೂ ಆದಳು.

"ಕೊಯ್ಯಾಕ ಬರಂಗಿಲ್ಲಂತ ಅಕ್ಕಾ. ಒಳಗ ಹಬ್ಬ್ಯಾದಂತ. ಆರು ತಿಂಗಳು ಮೊದಲು ಬಂದಿದ್ರ ನೋಡಬಹುದಿತ್ತು ಅಂದ್ರು." ಆಮೇಲೆ ತಲೆ ಎತ್ತಿ ಕೇಳಿದಳು: "ನನ್ನ ಸಲುವಾಗಿ ತಡ ಆತು, ಹೌದಲ್ಲ?"

ಇಲ್ಲ ಎನ್ನಲು ತಿಮ್ಮವ್ವನ ನಾಲಿಗೆ ಎದ್ದಿತ್ತು. ಅತ್ತೆಗೆ, ಬೂದೆಪ್ಪನಿಗೆ, ಗಿರಣಿಯ ಹೆಂಗಸರಿಗೆ, ಇದೇ ಮೂಕಮ್ಮನಿಗೆ ಸಲೀಸಾಗಿ ಹೇಳಿದ್ದ ಹಾಗೆ ಇದನ್ನೂ ಹೇಳಬಹುದಿತ್ತು. ಆದರೆ ಸಲೀಸಾದ ಸುಳ್ಳು ಬಿಟ್ಟು ತನಗೆ ನಿಜ ಹೇಳಿದ್ದ ಹೆಣ್ಣಿಗೆ ಇನ್ನೊಂದು ಸುಳ್ಳು ಕೊಡಲು ಅವಳಿಗೆ ಆಗಲಿಲ್ಲ.

"ಹೌದು" ಅಂದಳು ತಿಮ್ಮವ್ವ. ಅಂದು, ಅವಳ ಪಕ್ಕದಲ್ಲಿ ಕುಳಿತು, ಆರು ವರ್ಷದಲ್ಲಿ ಮೊದಲನೆಯ ಸಲ ಇನ್ನೊಬ್ಬರ ಎದುರಿಗೆ ಅತ್ತಳು. ಮೂಕಮ್ಮ ಅಳಬೇಡ ಅನ್ನಲಿಲ್ಲ.