ಪಾತಮ್ಮನ ಹ್ಯಾಂಡಲ್ಲು ನಡುವಿಗೆ ಬಂದದ್ದು

ನಾನು ಬೇಯಿಸುವವಳು, ಪಾತಮ್ಮ ಮುಟ್ಟಿಸುವವಳು. ಕುದಾಪುರದ ನನ್ನ ಮನೆಯಿಂದ ದಿನಾ ಹದಿನಾಲ್ಕು ಕ್ಯಾರಿಯರ್ ಬುತ್ತಿ ಕಟ್ಟಡದ ಕೆಲಸದವರಿಗೆ ಹೋಗುತ್ತದೆ. ನನ್ನ ಹೊಸ್ತಿಲಿನಿಂದ ಅವರ ಕಾಂಪೌಂಡಿನ ಗೇಟಿಗೆ ಪಾತಮ್ಮನ ಕಾಲಿನಲ್ಲಿ ಮೂರು ಸಾವಿರದ ನಾನೂರು ಹೆಜ್ಜೆ. ಅವಳೇ ಎರಡು ಸಲ ಎಣಿಸಿದ್ದು. ಎರಡನೇ ಸಲ ಇಪ್ಪತ್ತು ಹೆಚ್ಚು ಬಂತು. ಯಾಕೆ ಅಂದರೆ, "ನಾಯಿ ಅಡ್ಡ ಬಂತು ಅಮ್ಮಾರೆ, ಸುತ್ತು ಹಾಕ್ದೆ" ಅಂದಳು.

ಅವಳ ತವರು ಮೊಳಕಾಲ್ಮೂರಿನ ಕಡೆ ಸಿದ್ದಾಪುರ. ಚಿಕ್ಕವಳಿದ್ದಾಗ ಅಲ್ಲಿನ ಬಂಡೆಗಳ ಮೇಲೆ ಮೇಕೆ ಕಾಯ್ದವಳು. ತೆಲುಗೂ ಬರುತ್ತದೆ, ಕನ್ನಡವೂ ಬರುತ್ತದೆ. ಜಗಳ ತೆಲುಗಿನಲ್ಲಿ ಆಡುತ್ತಾಳೆ, ಎಣಿಕೆ ಕನ್ನಡದಲ್ಲಿ ಮಾಡುತ್ತಾಳೆ. ನನಗೆ ತೆಲುಗು ಬಾರದು, ಆದ್ದರಿಂದ ಅವಳು ಯಾರನ್ನು ಏನು ಬೈದಳು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಒಂಬತ್ತು ವರ್ಷ ಅವಳು ಬುತ್ತಿಯನ್ನು ತಲೆಯ ಮೇಲೆ ಹೊತ್ತಳು. ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕ್ಯಾರಿಯರ್. ಕೈ ಎರಡೂ ಖಾಲಿ. ಕಡಲೆಕಾಯಿ ಸುಲಿದು ತಿನ್ನುತ್ತಾ ಹೋಗುತ್ತಿದ್ದಳು. ಬುಟ್ಟಿಗೆ ಕೈ ಕೊಟ್ಟದ್ದನ್ನು ನಾನು ನೋಡಿಲ್ಲ, ಸಾರು ಚೆಲ್ಲಿದ್ದನ್ನೂ ನೋಡಿಲ್ಲ. ಈ ವರ್ಷ ಯುಗಾದಿ ಕಳೆದ ಮೇಲೆ ಅವಳ ಕುತ್ತಿಗೆ ಹಿಡಿಯಿತು, ಎಡಗೈ ಬೆರಳುಗಳಿಗೆ ಜೋಮು ಬಂತು. ಚಳ್ಳಕೆರೆಯ ಡಾಕ್ಟರು ಇನ್ನು ತಲೆಯ ಮೇಲೆ ಹೂವಿನ ಬುಟ್ಟಿಯನ್ನೂ ಇಡಕೂಡದು ಅಂದರು.

ಅವಳ ತಮ್ಮ ತಿಪ್ಪೇರುದ್ರ ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ ಕೆಲಸಕ್ಕಿದ್ದಾನೆ. ಎಲ್ಲರೂ ಅವನನ್ನು ತಿಪ್ಪು ಅನ್ನುತ್ತಾರೆ. ಗೋಡೌನಿನವರು ಮೂಲೆಗೆ ತಳ್ಳಿದ್ದ ಒಂದು ಗಾಡಿಯನ್ನು ಕೇಳಿ ತಂದುಕೊಟ್ಟ. ಸ್ಕೂಟರಿನ ಹಾಗೆ ಹ್ಯಾಂಡಲ್ಲು ಇದೆ, ಸೀಟಿಲ್ಲ, ಹಲಗೆಯ ಮೇಲೆ ನಿಂತು ಓಡಿಸಬೇಕು. ಮುಂದೆ ಒಂದು ಗಾಲಿ, ಹಿಂದೆ ಎರಡು, ಅವೆರಡರ ಮೇಲೆ ತಗಡಿನ ತೊಟ್ಟಿ. ಬ್ಯಾಟರಿಯಿಂದ ನಡೆಯುತ್ತದೆ. ಹೆಬ್ಬೆರಳಿನಲ್ಲಿ ಗುಂಡಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಜೋರು ಅಂದರೂ ಕುರಿ ಅಟ್ಟುವವನ ನಡಿಗೆಯಷ್ಟೇ.

ಗೋಡೌನಿನವರು ಅದನ್ನು ಯಾಕೆ ಮೂಲೆಗೆ ತಳ್ಳಿದ್ದರು ಎಂಬುದು ಮೊದಲನೇ ದಿನವೇ ತಿಳಿಯಿತು. ಸಣ್ಣ ಕಲ್ಲು ಸಿಕ್ಕರೆ ಸಾಕು, ಹ್ಯಾಂಡಲ್ಲು ಸರ್ರನೆ ಒಂದು ಪಕ್ಕಕ್ಕೆ ಬೀಳುತ್ತಿತ್ತು. ಗಾಡಿ ಅತ್ತ ತಿರುಗುತ್ತಿತ್ತು, ಕ್ಯಾರಿಯರ್ ಇತ್ತ ಉರುಳುತ್ತಿದ್ದವು. ಮೂರು ದಿನ ಹೀಗೇ ಆಯಿತು. ಮೂರನೇ ದಿನ ಕಟ್ಟಡದ ಕೆಲಸ ನೋಡಿಕೊಳ್ಳುವ ಮುರುಗೇಂದ್ರಪ್ಪ ಫೋನು ಮಾಡಿದ.

"ಅಮ್ಮಾರೆ, ಇವತ್ತು ಮುದ್ದೆ ಸಾರಿನಾಗೆ ಈಜಾಡ್ತಿತ್ತು. ಮಜ್ಜಿಗೆ ಹುಡುಕಿದ್ರೆ ಪಲ್ಯದ ಡಬ್ಬಿನಾಗೆ ಸಿಕ್ತು. ನಿಮ್ಮ ಅಡಿಗೆ ಬ್ಯಾಡ ಅಂತಿಲ್ರಿ. ನಾಳೆಯಿಂದ ಮೂರು ದಿನ ಇಲ್ಲಿ ಕೆಲಸಕ್ಕೆ ರಜ. ಸೋಮವಾರವೂ ಹಿಂಗೇ ಆದ್ರೆ ಬೈಕಿನವನೊಬ್ಬನ್ನ ಕಳಿಸ್ತೀನಿ, ಅವನೇ ತಗಂಡು ಬರ್ಲಿ. ಪಾತಮ್ಮಗೆ ಬೇಜಾರು ಮಾಡ್ಕಬ್ಯಾಡ ಅನ್ನಿ."

ಪಾತಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. "ಬೈಕಿನವನು ತಗಂಡು ಹೋದ್ರೆ ನಾನೇನು ಮಾಡ್ಲಿ? ನಿಮ್ಮ ಮುದ್ದೆಗೆ ಗಾಳಿ ಬೀಸ್ಲಾ?" ಅಂದಳು. ನಗಲಿಲ್ಲ. ಅವತ್ತು ಗುರುವಾರ.

ಶುಕ್ರವಾರ ತಿಪ್ಪು ಗಾಡಿಯನ್ನು ಚಳ್ಳಕೆರೆಗೆ ಒಯ್ದು ಓಬಳೇಶನಿಗೆ ತೋರಿಸಿದ. ಓಬಳೇಶ ಗಾಡಿ ರಿಪೇರಿಯವನು, ರಾಯದುರ್ಗದ ಕಡೆಯವನು, ಮನೆಮಾತು ತೆಲುಗು. ನಮ್ಮ ಹತ್ತಿರ ಮಾತ್ರ ಒಳ್ಳೆ ಕನ್ನಡ ಆಡುತ್ತಾನೆ. ಅವನು ಹ್ಯಾಂಡಲ್ಲಿನ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಪ್ರಿಂಗು ಕಟ್ಟಿ, ಸಂಜೆಯ ಹೊತ್ತಿಗೆ ಗಾಡಿ ಕಳಿಸಿ, ಫೋನಿನಲ್ಲಿ ಹೇಳಿದ: "ಎಡಕ್ಕೆ ತಿರುಗಿಸಿದ್ರೆ ಬಲಗಡೆ ಸ್ಪ್ರಿಂಗು ಎಳೀತೈತೆ. ಬಲಕ್ಕೆ ತಿರುಗಿಸಿದ್ರೆ ಎಡಗಡೇದು. ಬಿಟ್ರೆ ತಾನಾಗೇ ನಡುವಿಗೆ ಬರ್ತೈತೆ."

ನಾನು ಹ್ಯಾಂಡಲ್ಲನ್ನು ಒಂದು ಪಕ್ಕಕ್ಕೆ ತಿರುಗಿಸಿ ಬಿಟ್ಟೆ. ಟಕ್ ಅಂತ ನಡುವಿಗೆ ಬಂತು. ಇನ್ನೊಂದು ಪಕ್ಕಕ್ಕೂ ಹಾಗೇ. ಆರು ಸಲ ನೋಡಿದೆ, ಆರು ಸಲವೂ ಅದೇ ಜಾಗ.

"ನಡು ಎಲ್ಲೈತೆ ಅಂತ ಅದಕ್ಕೆ ಹೆಂಗೆ ಗೊತ್ತಪ್ಪ?" ಎಂದು ಫೋನಿನಲ್ಲೇ ಕೇಳಿದೆ.

"ಅದಕ್ಕೇನೂ ಗೊತ್ತಿಲ್ಲಮ್ಮ. ಇಬ್ಬರ ಎಳೆದಾಟ ಸಮ ಆದ ಜಾಗವೇ ನಡು."

ಇದು ನನಗೆ ಅರ್ಥವಾದ ಹಾಗೂ ಇತ್ತು, ಆಗದ ಹಾಗೂ ಇತ್ತು.

ಶನಿವಾರ ಪಾತಮ್ಮ ಓಡಿಸಿದರೆ ಮೊದಲಿಗಿಂತ ಕೆಟ್ಟಿತು. ನೆಟ್ಟಗೆ ಹೋಗುವಾಗ ಸರಿ. ತಿರುವು ಬಂದರೆ ಕಷ್ಟ. ಅವಳು ತಿರುಗಿಸುತ್ತಾಳೆ, ಸ್ಪ್ರಿಂಗು ಎಳೆಯುತ್ತದೆ, ಅವಳು ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ. ತಿರುವು ಮುಗಿದರೂ ಬಿಗಿ ಬಿಡುವುದಿಲ್ಲ, ಗಾಡಿ ತಿರುಗುತ್ತಲೇ ಹೋಗಿ ಬೇಲಿಗೆ ಮುಖ ಮಾಡುತ್ತದೆ. ಮನೆಗೆ ಬಂದವಳು ತೋಳಿಗೆ ಎಣ್ಣೆ ಹಚ್ಚಿಕೊಂಡು ಕುಳಿತಳು.

"ನಾನು ಎಡಕ್ಕೆ ಅಂದ್ರೆ ಅದು ಬ್ಯಾಡ ಅಂತೈತೆ ಅಮ್ಮಾರೆ. ಇದು ಯಾರ ಮನೆ ಸೊಸೆ?"

ಒಂದು ಸ್ಪ್ರಿಂಗು ಗಿಡ್ಡವಿರಬಹುದೇ ಎಂದು ನಾನು ದಾರ ಹಿಡಿದು ಅಳೆದೆ. ಎಡಗಡೆಯದು ಒಂದು ಗೇಣು ಎರಡು ಬೆರಳು. ಬಲಗಡೆಯದೂ ಒಂದು ಗೇಣು ಎರಡು ಬೆರಳು. ತಪ್ಪು ಎಲ್ಲಿದೆ ಎಂದು ತಿಳಿಯಲಿಲ್ಲ. ಓಬಳೇಶನಿಗೆ ಫೋನು ಹಚ್ಚಿ ಅವಳ ಕೈಗೇ ಕೊಟ್ಟೆ.

"ಬಿಡ್ಬೇಕು ಪಾತಕ್ಕ, ಬಿಡ್ಬೇಕು" ಅನ್ನುತ್ತಿದ್ದ ಅವನು.

"ಏನು ಬಿಡ್ಲಿ? ಕೆಲಸಾನಾ?"

"ಹ್ಯಾಂಡಲ್ಲು!"

"ಹ್ಯಾಂಡಲ್ಲು ಬಿಟ್ಟು ಏನು ಹಿಡ್ಕಳ್ಲಿ, ನಿನ್ನ ಕಿವೀನಾ?"

ಭಾನುವಾರ ಅವನ ಅಂಗಡಿಗೆ ರಜೆ. ಪುಣ್ಯಾತ್ಮ, ಬೆಳಿಗ್ಗೆಯ ಬಸ್ಸಿಗೆ ತಾನೇ ಬಂದ. ತಿಪ್ಪುವೂ ಜೊತೆಗಿದ್ದ. ನಾನು ಹದಿನಾಲ್ಕು ಕ್ಯಾರಿಯರಿಗೂ ಕಂಠದ ತನಕ ನೀರು ತುಂಬಿ ತೊಟ್ಟಿಯಲ್ಲಿ ಜೋಡಿಸಿದೆ. ಸಾರು ಚೆಲ್ಲುವುದಕ್ಕಿಂತ ನೀರು ಚೆಲ್ಲಲಿ. ಓಬಳೇಶನಿಗೆ ಎಂದು ಒಂದು ತಂಬಿಗೆ ಮಜ್ಜಿಗೆ ತಿಪ್ಪುವಿನ ಕೈಯಲ್ಲಿ ಕೊಟ್ಟೆ. ಪಾತಮ್ಮ ತನ್ನ ನೀರಿನ ಬಾಟಲಿಯನ್ನು ಹ್ಯಾಂಡಲ್ಲಿನ ಕಂಬಕ್ಕೆ ತೂಗುಹಾಕಿಕೊಂಡಳು. ನಾಲ್ಕು ಜನವೂ ದನ ಮೇಯುವ ಕಾವಲಿನ ಕಡೆಯ ತಿರುವಿಗೆ ಹೋದೆವು. ಅಲ್ಲಿ ರಸ್ತೆ ಎಡಕ್ಕೆ ಹೊರಳಿ ಆಮೇಲೆ ನೆಟ್ಟಗೆ ಇಳಿಜಾರು. ಎಡಗಡೆ ಬಳ್ಳಾರಿ ಜಾಲಿಯ ಮುಳ್ಳು, ಆಳೆತ್ತರ.

ಮೂರು ಸಲ ಬಂದಳು. ಮೂರು ಸಲವೂ ಓಬಳೇಶ ಓಡಿ ಹೋಗಿ ಗಾಡಿ ಹಿಡಿದ. ಬಿಸಿಲು ಏರಿತ್ತು. "ನೀರು ಕುಡೀರಿ ಅಕ್ಕ, ಸುಧಾರಿಸ್ಕಳ್ರಿ" ಅಂದ. "ಆಮೇಲೆ ಕುಡೀತೀನಿ, ಮೊದ್ಲು ಇದು ಆಗ್ಲಿ" ಎಂದು ಅವಳು ನಾಲ್ಕನೇ ಸಲ ಹೊರಟಳು.

ಎಡಕ್ಕೆ ತಿರುಗಿಸಿದಳು. ಹಲ್ಲು ಕಚ್ಚಿಕೊಂಡಿದ್ದಳು. ತಿರುವು ಮುಗಿಯಿತು, ಅವಳ ಕೈ ಬಿಡಲಿಲ್ಲ. ಮುಳ್ಳಿಗೂ ಅವಳಿಗೂ ಮೂರು ಮೊಳ ಉಳಿದಿತ್ತು. ಈ ಸಲ ಓಬಳೇಶ ದೂರದಲ್ಲಿದ್ದ, ಓಡಿದರೂ ಸಿಗುತ್ತಿರಲಿಲ್ಲ. ನಿಂತಲ್ಲಿಂದಲೇ ಕಿರುಚಿದ:

"ಕುಡಿ! ಕುಡಿ! ತಿಪ್ಪು! ಕುಡಿ!"

ನನ್ನ ಪಕ್ಕದಲ್ಲಿದ್ದ ತಿಪ್ಪು ಒಂದು ಕ್ಷಣ ಕಣ್ಣು ಬಿಟ್ಟು ನೋಡಿದ. ಆಮೇಲೆ ತಂಬಿಗೆ ಎತ್ತಿ ಗಟಗಟ ಅಷ್ಟೂ ಮಜ್ಜಿಗೆ ಕುಡಿದ.

ಅತ್ತ ಪಾತಮ್ಮ ಎರಡೂ ಕೈ ಬಿಟ್ಟು ಬಾಟಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಲು ಎರಡು ಕೈ ಬೇಕಲ್ಲ. ಹ್ಯಾಂಡಲ್ಲು ಟಕ್ ಅಂತ ನಡುವಿಗೆ ಬಂತು. ಗಾಡಿ ಮುಳ್ಳಿನ ಪಕ್ಕಕ್ಕೇ ಸವರಿಕೊಂಡು ನೆಟ್ಟಗಾಗಿ, ಇಳಿಜಾರಿನಲ್ಲಿ ತನ್ನಷ್ಟಕ್ಕೆ ಉರುಳಿ ಹೋಗಿ ನಿಂತಿತು. ಆಮೇಲೆ ನಾನು ಹೆಜ್ಜೆ ಹಾಕಿ ನೋಡಿದೆ, ಹದಿನೇಳು. ಅಲ್ಲಿ ನಿಂತು ಅವಳು ನೀರು ಕುಡಿಯುತ್ತಿದ್ದಳು.

ಓಬಳೇಶ ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತುಬಿಟ್ಟ.

"ನಾನು ತಿರುಗ್ಸಕ್ಕ ಅಂದ್ರೆ ನೀನು ನೀರು ಕುಡೀತೀಯಾ?"

"ನೀನೇ ತಾನೆ ಕುಡಿ ಕುಡಿ ಅಂತ ಬಾಯಿ ಬಡ್ಕಂಡಿದ್ದು?"

"ಕುಡಿ ಅಂದ್ರೆ ಬಲಕ್ಕೆ! ತಿಪ್ಪು ಅಂದ್ರೆ ತಿರುಗ್ಸು! ನೀನು ಸಿದ್ದಾಪುರದವಳು, ತೆಲುಗು ಬರಲ್ವಾ ನಿಂಗೆ?"

"ನಿನಗಿಂತ ಚೆನ್ನಾಗಿ ಬರ್ತೈತೆ. ಬೆಳಿಗ್ಗೆಯಿಂದ ಕನ್ನಡದಾಗೆ ಮಾತಾಡಿ, ಮುಳ್ಳಿನ ಹತ್ರ ಬಂದಾಗ ತೆಲುಗಿಗೆ ಹೋದ್ರೆ ನಂಗೇನು ಗೊತ್ತಾಗ್ತೈತೆ? ಏನೋ ನೀರು ಕುಡಿದ್ರೆ ಸರಿ ಹೋಗ್ತೈತೇನೋ ಅಂದ್ಕಂಡೆ."

"ನನ್ನೂ ಕರೆದ್ಯಲ್ಲ, ತಿಪ್ಪು ಕುಡಿ ಅಂತ" ಎಂದು ತಿಪ್ಪು ಖಾಲಿ ತಂಬಿಗೆ ತೋರಿಸಿದ.

ಓಬಳೇಶ ತಂಬಿಗೆಯ ಒಳಗೆ ಇಣುಕಿ, "ಅದೂ ಹೋಯ್ತಾ" ಅಂದ.

ನಾನು ಕ್ಯಾರಿಯರ್ ಒಂದೊಂದಾಗಿ ತೆಗೆದು ನೋಡಿದೆ. ಹದಿಮೂರು ಕಂಠದ ತನಕ ಇದ್ದವು, ಒಂದರಲ್ಲಿ ಮಾತ್ರ ಒಂದು ಬೆರಳು ಕಡಿಮೆ. ಪಾತಮ್ಮ ಅವನ್ನು ನೋಡಿದಳು, ಹ್ಯಾಂಡಲ್ಲನ್ನು ನೋಡಿದಳು. ಅದನ್ನು ತಿರುಗಿಸಿ ಬಿಟ್ಟಳು, ಮತ್ತೆ ತಿರುಗಿಸಿ ಬಿಟ್ಟಳು.

"ಇದೇನು, ಬುಟ್ಟಿ ಇದ್ದಂಗೆ ಐತೆ" ಅಂದಳು. "ಹಿಡ್ಕಂಡ್ರೇ ಚೆಲ್ಲೋದು."

"ಅದನ್ನೇ ಮೂರು ದಿನದಿಂದ ಹೇಳ್ತಿದ್ದೀನಿ!" ಎಂದ ಓಬಳೇಶ.

"ನೀನು ಬುಟ್ಟಿ ಅಂತ ಎಲ್ಲಿ ಹೇಳ್ದೆ? ಸ್ಪ್ರಿಂಗು ಸ್ಪ್ರಿಂಗು ಅಂದೆ."

ಸೋಮವಾರ ಹುರುಳಿಕಾಳಿನ ಸಾರು ಮಾಡಿದ್ದೆ. ಹನ್ನೆರಡೂಕಾಲಿಗೆ ಅವಳು ಹೊರಟಳು. ನನಗೆ ಒಲೆಯ ಮುಂದೆ ಕೂರಲು ಆಗಲಿಲ್ಲ, ಬಾಗಿಲಲ್ಲೇ ನಿಂತಿದ್ದೆ. ಒಂದು ಗಂಟೆ ದಾಟಿದ ಮೇಲೆ ಮುರುಗೇಂದ್ರಪ್ಪನ ಫೋನು ಬಂತು.

"ಅಮ್ಮಾರೆ, ಸಾರು ಡಬ್ಬಿನಾಗೇ ಐತ್ರಿ. ಬೈಕಿನವನಿಗೆ ಬ್ಯಾಡ ಅಂದೆ." ಆಮೇಲೆ ದನಿ ಇಳಿಸಿ ಕೇಳಿದ: "ಅಲ್ರಿ, ಪಾತಮ್ಮಗೆ ಶುಗರ್ ಐತಾ? ನಮ್ಮ ಹುಡುಗ್ರು ನೋಡಿದ್ರಂತೆ. ತಿರುವಿಗೊಂದ್ಸಲ ಗಾಡಿ ನಿಲ್ಲಿಸಿ ನೀರು ಕುಡೀತಾಳಂತೆ."

"ಬಿಸಿಲಪ್ಪ" ಅಂದೆ.

ಹಾದಿಯಲ್ಲಿ ನಾಲ್ಕು ತಿರುವು ಇವೆ. ತಿರುವು ಮುಗಿಯುವಾಗ ಅವಳು "ಕುಡಿ" ಎಂದು ಬಾಯಿಬಿಟ್ಟು ಹೇಳಿ ಕೈ ಸಡಿಲ ಮಾಡುತ್ತಾಳೆ. ಹ್ಯಾಂಡಲ್ಲು ನಡುವಿಗೆ ಬಂದ ಮೇಲೆ ನಿಲ್ಲಿಸಿ ಒಂದು ಗುಟುಕು ಕುಡಿಯುತ್ತಾಳೆ. ಕೈ ಬಿಟ್ಟರೆ ಸಾಕು, ನೀರು ಬೇಕಿಲ್ಲ ಎಂದು ಓಬಳೇಶ ಎಷ್ಟೋ ಸಲ ಹೇಳಿದ. "ನೀನು ಸುಮ್ಕಿರಪ್ಪ. ಅವತ್ತು ಯಾವುದರಿಂದ ಆಯ್ತು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ" ಎನ್ನುತ್ತಾಳೆ. ಯೋಚನೆ ಮಾಡಿದರೆ ನನಗೂ ಗೊತ್ತಿಲ್ಲ. ಸ್ಪ್ರಿಂಗಿನಿಂದ ಆಯಿತೋ, ಬಾಟಲಿಯ ಮುಚ್ಚಳದಿಂದ ಆಯಿತೋ, ಓಬಳೇಶನಿಗೆ ಭಯದಲ್ಲಿ ಅವನ ಅವ್ವನ ಮಾತು ಬಾಯಿಗೆ ಬಂದದ್ದರಿಂದ ಆಯಿತೋ.

ಬರುವಾಗ ಕ್ಯಾರಿಯರ್ ಖಾಲಿ, ಅವಳು ನೀರು ಮುಟ್ಟುವುದಿಲ್ಲ. ಹೋದ ವಾರ ಬಾಟಲಿ ಮರೆತು ಹೊರಟಿದ್ದಳು. ಮೊದಲನೇ ತಿರುವಿನ ತನಕ ಹೋಗಿ, ಸಾರು ಚೆಲ್ಲದ ಹಾಗೆ ಗಾಡಿ ತಿರುಗಿಸಿಕೊಂಡು ವಾಪಸ್ಸು ಬಂದು ಬಾಗಿಲಲ್ಲಿ ಕೂಗಿದಳು. ನಾನು ಬಾಟಲಿ ತುಂಬಿ ಕೊಟ್ಟೆ. ಈಗ ಕ್ಯಾರಿಯರ್ ಎಣಿಸುವಾಗ ಹದಿನಾಲ್ಕು ಆದ ಮೇಲೆ ಬಾಟಲಿಯನ್ನೂ ಸೇರಿಸಿ ಹದಿನೈದು ಅನ್ನುತ್ತೇನೆ.